ಮೆಡಿಕಲ್ ಫಿಸಿಕ್ಸ್ ಓದಬೇಕೆಂದಿರುವವರ ಪ್ರಶ್ನೆಗಳು, ನಮ್ಮ ಉತ್ತರಗಳು

ಮೆಡಿಕಲ್ ಫಿಸಿಕ್ಸ್ ಸ್ನಾತಕೋತ್ತರ ಓದಿನ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಬಿ.ಎಸ್ಸಿ. ಪಿ.ಸಿ.ಎಂ. ಕೊನೆಯ ವರ್ಷದಲ್ಲಿದ್ದೇನೆ. ಮೆಡಿಕಲ್ ಫಿಸಿಕ್ಸ್ ಓದಿದರೂ ಕೊನೆಗೆ ರೇಡಿಯೊಥೆರಪಿ ಟೆಕ್ನಾಲಜಿಸ್ಟ್ ಕೆಲಸವೇ ಗತಿ ಎಂದು ಸೀನಿಯರ್‌ಗಳು ಹೇಳುತ್ತಾರೆ. ನಿಜವೇ? ನೀಟ್ ಬರೆಯಬೇಕೆ?
(ವಿದ್ಯಾರ್ಥಿನಿ, ಶಿವಮೊಗ್ಗ)

ನೀಟ್ ಬೇಕಿಲ್ಲ. ಸೀನಿಯರ್‌ಗಳು ಎರಡು ಬೇರೆ ಬೇರೆ ಕೆಲಸಗಳನ್ನು ಒಂದು ಮಾಡಿಬಿಟ್ಟಿದ್ದಾರೆ. ಕ್ಯಾನ್ಸರ್ ಆಸ್ಪತ್ರೆಯ ವಿಕಿರಣ ವಿಭಾಗದಲ್ಲಿ ಯಾವ ಗೆಡ್ಡೆಗೆ ಎಷ್ಟು ಡೋಸ್, ಎಷ್ಟು ಸಿಟ್ಟಿಂಗ್ ಎಂದು ಬರೆಯುವವರು ರೇಡಿಯೇಷನ್ ಆಂಕಾಲಜಿಸ್ಟ್. ಪ್ರತಿದಿನ ರೋಗಿಯನ್ನು ಮಲಗಿಸಿ, ಗುರುತು ಹೊಂದಿಸಿ, ಯಂತ್ರ ನಡೆಸುವವರು ಟೆಕ್ನಾಲಜಿಸ್ಟ್. ಬರೆದ 2 ಗ್ರೇ (ಗ್ರೇ ಎಂದರೆ ವಿಕಿರಣ ಡೋಸಿನ ಮಾನ) ಡೋಸು ನಿಜಕ್ಕೂ 2 ಗ್ರೇ ಆಗಿಯೇ ಗೆಡ್ಡೆಗೆ ಸೇರುವಂತೆ ನೋಡಿಕೊಳ್ಳುವುದು ಫಿಸಿಸಿಸ್ಟ್ ಹೊಣೆ. ಗೆಡ್ಡೆಗೆ ಹೊರಗಿನಿಂದ ವಿಕಿರಣ ಕೊಡುವ ಲಿನಾಕ್ ಯಂತ್ರ ಮೊದಲು ಬಂದಾಗ ಅದರ ಕಿರಣಪುಂಜವನ್ನು ಅಳೆದು ಪ್ಲಾನಿಂಗ್ ಸಾಫ್ಟ್‌ವೇರ್‌ಗೆ ದತ್ತಾಂಶ ಕೊಡುವುದು, ಯಂತ್ರವನ್ನು ಕ್ಯಾಲಿಬ್ರೇಟ್ ಮಾಡುವುದು, ಒಬ್ಬೊಬ್ಬ ರೋಗಿಯ ಪ್ಲಾನ್ ಲೆಕ್ಕ ಹಾಕಿ ಪರೀಕ್ಷಿಸುವುದು, ಕೋಣೆಯ ಗೋಡೆ ಎಷ್ಟು ದಪ್ಪ ಇರಬೇಕೆಂದು ಹೇಳುವುದು, ಸಿಬ್ಬಂದಿಯ ವಿಕಿರಣ ಸುರಕ್ಷತೆ ನೋಡಿಕೊಳ್ಳುವುದು, ಇಷ್ಟೂ ಅವರ ಪಾಲಿಗೆ ಬರುತ್ತವೆ.

ಅರ್ಹತೆ ನಿಗದಿ ಮಾಡಿರುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರೂ ಕರೆಯುವಂತೆ ಎಇಆರ್‌ಬಿ. ಅಲ್ಲಿಗೆ ಎರಡು ದಾರಿಗಳಿವೆ. ಭೌತಶಾಸ್ತ್ರ ಮುಖ್ಯ ವಿಷಯಗಳಲ್ಲಿ ಒಂದಾಗಿರುವ ವಿಜ್ಞಾನ ಪದವಿಯ ಮೇಲೆ ಮೆಡಿಕಲ್ ಅಥವಾ ರೇಡಿಯಲಾಜಿಕಲ್ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡುವುದು ಒಂದು, ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮುಗಿಸಿ ಆ ಮೇಲೆ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡುವುದು ಇನ್ನೊಂದು. ಯಾವ ದಾರಿಯಲ್ಲಿ ಹೋದರೂ ಸುಸಜ್ಜಿತ ರೇಡಿಯೊಥೆರಪಿ ವಿಭಾಗದಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಆಗಲೇಬೇಕು. ಪಿ.ಸಿ.ಎಂ., ಪಿ.ಎಂ.ಇ., ಪಿ.ಎಂ.ಸಿ.ಎಸ್. ಓದಿದವರಿಗೆ ಮೊದಲ ದಾರಿ ತೆರೆದೇ ಇದೆ. ನಡುವೆ ಭೌತಶಾಸ್ತ್ರ ಬಿಟ್ಟು ಕೊನೆಯ ವರ್ಷ ಬೇರೆ ವಿಷಯ ಹಿಡಿದವರು ಮಾತ್ರ ಅಂಕಪಟ್ಟಿ ತೋರಿಸಿ, ಸೇರಬೇಕೆಂದಿರುವ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಪ್ರಶ್ನೆ: ಮಗಳಿಗೆ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮೆಡಿಕಲ್ ಫಿಸಿಕ್ಸ್ ಸೀಟು ಸಿಗುವಂತಿದೆ. ಶುಲ್ಕ ದೊಡ್ಡದು. ಕಟ್ಟುವ ಮುಂಚೆ ಏನು ನೋಡಬೇಕು?
(ಪೋಷಕರು, ದಾವಣಗೆರೆ)

ಕಟ್ಟಡ, ಹಾಸ್ಟೆಲ್, ಪ್ಲೇಸ್‌ಮೆಂಟ್ ಪೋಸ್ಟರ್ ನೋಡಿ ತೀರ್ಮಾನಿಸಬೇಡಿ. ಮೊದಲು ಕೇಳಬೇಕಾದ್ದು: ಈ ಕೋರ್ಸ್ ಎಇಆರ್‌ಬಿ ಒಪ್ಪಿರುವ ಕೋರ್ಸ್‌ಗಳಲ್ಲಿ ಇದೆಯೇ? ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದ್ದರೆ ಸಾಕು ಎಂದು ಕಚೇರಿಯವರು ಹೇಳಬಹುದು. ಸಾಲದು. ಯುಜಿಸಿ ಮಾನ್ಯತೆಯಿಂದ ಪದವಿಗೆ ಬೆಲೆ ಬರುತ್ತದೆ. ಆಸ್ಪತ್ರೆಯಲ್ಲಿ ಫಿಸಿಸಿಸ್ಟ್ ಆಗಿ ನಿಲ್ಲಲು ಎಇಆರ್‌ಬಿ ಒಪ್ಪಿಗೆ ಬೇಕು. ಮಂಡಳಿಯ ಜಾಲತಾಣದಲ್ಲಿ ನೀವೇ ನೋಡಿ, ಅನುಮಾನವಿದ್ದರೆ ಮಂಡಳಿಗೇ ಪತ್ರ ಬರೆಯಿರಿ.

ಆಮೇಲೆ ಯಂತ್ರಗಳ ವಿಚಾರ. ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ತರಗತಿ ನಡೆಸುವ ಆಸ್ಪತ್ರೆ ಯಾವುದು, ಅಲ್ಲಿ ಲಿನಾಕ್ ಎಷ್ಟಿವೆ, ಎಚ್‌ಡಿಆರ್ ಬ್ರಾಕಿಥೆರಪಿ (ವಿಕಿರಣ ಮೂಲವನ್ನು ಮೈಯೊಳಗೇ ಇಟ್ಟು ಕೊಡುವ ಚಿಕಿತ್ಸೆ) ಇದೆಯೇ, ಪ್ಲಾನ್‌ಗೆ ಬೇಕಾದ ಚಿತ್ರ ತೆಗೆಯುವ ಸಿ.ಟಿ. ಸಿಮ್ಯುಲೇಟರ್ ಇದೆಯೇ, ಡೋಸ್ ಅಳೆಯಲು ಬೇಕಾದ ವಾಟರ್ ಫ್ಯಾಂಟಮ್, ಅಯಾನ್ ಚೇಂಬರ್, ಎಲೆಕ್ಟ್ರೋಮೀಟರ್ ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಯೇ ಎಂದು ಕೇಳಿ. ಹಗಲೆಲ್ಲ ರೋಗಿಗಳಿಂದ ತುಂಬಿರುವ ಯಂತ್ರದಲ್ಲಿ ವಿದ್ಯಾರ್ಥಿಗೆ ಸಮಯ ಸಿಗುವುದು ಸಂಜೆಯ ಮೇಲೆ, ಇಲ್ಲವೇ ಶನಿವಾರ. ಆ ಸಮಯ ವೇಳಾಪಟ್ಟಿಯಲ್ಲಿ ನಮೂದಾಗಿದೆಯೇ ಎಂಬುದರಿಂದ ಎಷ್ಟೋ ಗೊತ್ತಾಗುತ್ತದೆ. ಆಸ್ಪತ್ರೆಯೇ ಇಲ್ಲದ ಕಾಲೇಜಾದರೆ ಒಪ್ಪಂದದ ಪ್ರತಿ ತೋರಿಸಲು ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇಂಟರ್ನ್‌ಶಿಪ್. ಎರಡು ವರ್ಷದ ಓದು ಮುಗಿದ ಮೇಲೆ ಆ 12 ತಿಂಗಳನ್ನು ಕಾಲೇಜೇ ಕೊಡಿಸುತ್ತದೋ, ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೋ? ಸ್ಟೈಪೆಂಡ್ ಉಂಟೋ, ಇಲ್ಲ ತಿರುಗಿ ಹಣ ಕೊಡಬೇಕೋ? ಎಷ್ಟೋ ಮಂದಿ ಸಿಕ್ಕಿಬೀಳುವುದು ಇಲ್ಲಿಯೇ. ಪದವಿ ಕೈಯಲ್ಲಿರುತ್ತದೆ, ಇಂಟರ್ನ್‌ಶಿಪ್ ಇರುವುದಿಲ್ಲ, ಹಾಗಾಗಿ ಫಿಸಿಸಿಸ್ಟ್ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಹಿಂದಿನ ಎರಡು ಬ್ಯಾಚ್‌ನವರು ಎಲ್ಲಿ ಇಂಟರ್ನ್‌ಶಿಪ್ ಮಾಡಿದರು ಎಂದು ಆಸ್ಪತ್ರೆಗಳ ಹೆಸರು ಸಮೇತ ಕೇಳಿ. ಹೆಸರು ಹೇಳಲು ಹಿಂದೇಟು ಹಾಕಿದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ರೇಡಿಯೇಷನ್ ಫಿಸಿಕ್ಸ್ ಮತ್ತು ಮಣಿಪಾಲದ ಮೆಡಿಕಲ್ ರೇಡಿಯೇಷನ್ ಫಿಸಿಕ್ಸ್ ಕೋರ್ಸ್‌ಗಳು ಹೆಸರಾದವು. ನೆರೆಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ, ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯಗಳಿವೆ. ಎಲ್ಲ ಕಡೆ ಸೀಟುಗಳು ಬೆರಳೆಣಿಕೆಯವು, ಆದ್ದರಿಂದ ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ.

ಪ್ರಶ್ನೆ: ಎಂ.ಎಸ್ಸಿ. ಭೌತಶಾಸ್ತ್ರ ಆಗಿದೆ. ಈಗ ಮತ್ತೊಂದು ಎಂ.ಎಸ್ಸಿ. ಮಾಡಲೋ, ಬಾರ್ಕ್ ಡಿಪ್ಲೊಮಾಕ್ಕೆ ಪ್ರಯತ್ನಿಸಲೋ?
(ಧಾರವಾಡ)

ಡಿಪ್ಲೊಮಾಕ್ಕೇ ಪ್ರಯತ್ನಿಸಿ. ಮುಂಬೈನ ಅಣುಶಕ್ತಿನಗರದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುವ ಡಿಪ್.ಆರ್.ಪಿ. ಒಂದು ವರ್ಷದ್ದು, ದೇಶದಲ್ಲಿ ಈ ವಿಷಯದ ಅತಿ ಹಳೆಯ ತರಬೇತಿ. ಆಯ್ಕೆಗೆ ಲಿಖಿತ ಪರೀಕ್ಷೆ, ಸಂದರ್ಶನ ಎರಡೂ ಇವೆ. ಪ್ರಶ್ನೆಗಳು ಬಹುಪಾಲು ಎಂ.ಎಸ್ಸಿ. ಭೌತಶಾಸ್ತ್ರದವೇ: ನ್ಯೂಕ್ಲಿಯರ್ ಫಿಸಿಕ್ಸ್, ಕ್ವಾಂಟಮ್, ಎಲೆಕ್ಟ್ರಾನಿಕ್ಸ್, ಗಣಿತ ವಿಧಾನಗಳು. ಕ್ಲೈನ್–ನಿಶಿನಾ, ಬೆಥೆ ಸೂತ್ರಗಳು ಯಾವ ಶಕ್ತಿಯಲ್ಲಿ ಏನು ಹೇಳುತ್ತವೆ ಎಂಬುದು ಸ್ಪಷ್ಟವಾಗಿರಲಿ. ಸೂತ್ರದ ಸಾಲು ಬಾಯಿಪಾಠ ಆಗಿದ್ದರಷ್ಟೇ ಸಂದರ್ಶನ ದಾಟುವುದು ಕಷ್ಟ. ಇದಾದ ಮೇಲೂ 12 ತಿಂಗಳ ಇಂಟರ್ನ್‌ಶಿಪ್ ತಪ್ಪದು. ಡಿಪ್ಲೊಮಾ ಸಿಗದಿದ್ದರೆ ಆಗ ಎರಡನೇ ಎಂ.ಎಸ್ಸಿ. ಯೋಚಿಸಿ, ವ್ಯತ್ಯಾಸ ಒಂದು ವರ್ಷದ್ದೇ ಆದರೂ ವೆಚ್ಚದಲ್ಲಿ ಅಂತರ ದೊಡ್ಡದು.

ಪ್ರಶ್ನೆ: ಬಿ.ಇ. ಎಲೆಕ್ಟ್ರಾನಿಕ್ಸ್ ಮುಗಿಸಿದ್ದೇನೆ. ನಾನು ಸೇರಬಹುದೆ? ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಓದಿದ ತಂಗಿಗೂ ಇದೇ ಆಸೆ.
(ಹುಬ್ಬಳ್ಳಿ)

ಭಾರತದಲ್ಲಿ ಇಬ್ಬರಿಗೂ ಕಷ್ಟ. ವಿಜ್ಞಾನ ಪದವಿ, ಅದರಲ್ಲಿ ಭೌತಶಾಸ್ತ್ರ ಮುಖ್ಯ ವಿಷಯ ಎಂಬ ಷರತ್ತಿಗೆ ಎರಡೂ ಪದವಿಗಳು ಹೊಂದುವುದಿಲ್ಲ. ನಿಮಗೆ ಲಿನಾಕ್ ಸರ್ವಿಸ್ ಎಂಜಿನಿಯರ್, ಇಮೇಜಿಂಗ್ ಸಂಶೋಧನೆಯ ದಾರಿಗಳಿವೆ. ತಂಗಿಗೆ ಅವರ ಕ್ಷೇತ್ರದಲ್ಲೇ ಎಂ.ಎಸ್ಸಿ. ಮಾಡಿದರೆ ಬಡ್ತಿ ಉಂಟು. ಅಮೆರಿಕದ ಕೋರ್ಸ್‌ಗಳು ಭೌತಶಾಸ್ತ್ರ ಮೇಜರ್ ಇಲ್ಲದವರನ್ನೂ ಮೇಲ್ಮಟ್ಟದ ಭೌತಶಾಸ್ತ್ರ ಪೇಪರ್‌ಗಳು ಆಗಿದ್ದರೆ ಪರಿಗಣಿಸುತ್ತವೆ. ಆದರೆ ಹಾಗೆ ಓದಿ ಇಲ್ಲಿಗೆ ಮರಳಿದರೆ ಮೂಲ ಪದವಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಪ್ರಶ್ನೆ: ಪಿಯುಸಿಯಲ್ಲೇ ಜೀವಶಾಸ್ತ್ರ ಬಿಟ್ಟವನು ನಾನು. ಅನಾಟಮಿ, ರೇಡಿಯೋಬಯಾಲಜಿ ಪೇಪರ್‌ಗಳನ್ನು ದಾಟಬಲ್ಲೆನೆ?
(ಹಾಸನ)

ದಾಟಬಹುದು. ಅನಾಟಮಿಯಲ್ಲಿ ನಿಮಗೆ ಬೇಕಾಗಿರುವುದು ಸಿ.ಟಿ. ಅಡ್ಡಸೀಳಿನಲ್ಲಿ ಅಂಗಗಳನ್ನು ಗುರುತಿಸುವುದು: ಬೆನ್ನುಹುರಿ, ಜೊಲ್ಲುಗ್ರಂಥಿ, ಮೂತ್ರಕೋಶ, ಗುದನಾಳ. ಪುಸ್ತಕದ ಚಿತ್ರಕ್ಕಿಂತ ಪ್ಲಾನಿಂಗ್ ಕಂಪ್ಯೂಟರ್ ಮುಂದೆ ಕುಳಿತು, ವೈದ್ಯರು ಗೆರೆ ಎಳೆದ ಹಳೆಯ ಪ್ಲಾನ್‌ಗಳನ್ನು ಒಂದೊಂದು ಸ್ಲೈಸ್‌ನಂತೆ ನೋಡುತ್ತ ಹೋದರೆ ಬೇಗ ಬರುತ್ತದೆ.

ರೇಡಿಯೋಬಯಾಲಜಿಯಂತೂ ಅರ್ಧ ಗಣಿತ. ಬಯಲಾಜಿಕಲ್ ಎಫೆಕ್ಟಿವ್ ಡೋಸ್, ಅಂದರೆ ಬಿಇಡಿ, ಕಂಡುಹಿಡಿಯಲು ಒಟ್ಟು ಡೋಸನ್ನು, ಒಂದು ಸಿಟ್ಟಿಂಗ್‌ನ ಡೋಸನ್ನು ಅಂಗಾಂಶದಿಂದ ಅಂಗಾಂಶಕ್ಕೆ ಬದಲಾಗುವ ಆಲ್ಫಾ–ಬೀಟಾ ಅನುಪಾತದಿಂದ ಭಾಗಿಸಿ ಒಂದು ಕೂಡಿಸಿದ ಸಂಖ್ಯೆಯಿಂದ ಗುಣಿಸಬೇಕು. 30 ಸಿಟ್ಟಿಂಗ್‌ನಲ್ಲಿ 60 ಗ್ರೇ ಕೊಟ್ಟರೆ, ಅನುಪಾತ 10 ಇರುವ ಗೆಡ್ಡೆಗೆ ಬಿಇಡಿ 72. ಅದೇ 20 ಸಿಟ್ಟಿಂಗ್‌ನಲ್ಲಿ 55 ಗ್ರೇ ಕೊಟ್ಟರೆ ಸುಮಾರು 70. ತಡವಾಗಿ ಅಡ್ಡಪರಿಣಾಮ ತೋರುವ ಅಂಗಾಂಶಕ್ಕೆ ಅನುಪಾತ 3 ಎಂದು ಹಿಡಿದರೆ ಮೊದಲನೆಯದು 100, ಎರಡನೆಯದು ಸುಮಾರು 105. ಗೆಡ್ಡೆಗೆ ತುಸು ಕಡಿಮೆ, ಅಡ್ಡಪರಿಣಾಮ ತುಸು ಹೆಚ್ಚು, ಬದಲಿಗೆ ರೋಗಿಗೆ ಹತ್ತು ದಿನದ ಓಡಾಟ ಉಳಿಯಿತು. ಇಂಥ ಲೆಕ್ಕ ಮಾಡಿ ವೈದ್ಯರ ಮುಂದಿಡಲು ಬಂದರೆ ಸಾಕು. ವಿದ್ಯಾರ್ಥಿಗಳು ಎಡವುವುದು ಗೆಡ್ಡೆಯ ಅನುಪಾತವನ್ನೇ ಬೆನ್ನುಹುರಿಗೂ ಹಾಕಿದಾಗ.

ಪ್ರಶ್ನೆ: ಬೆಂಗಳೂರಿನಲ್ಲಿ ಎಂ.ಎಸ್ಸಿ. ಮೊದಲ ವರ್ಷ. ಲಿನಾಕ್ ಔಟ್‌ಪುಟ್ ಅಳೆಯುವ ಪ್ರಯೋಗದಲ್ಲಿ ನಮ್ಮ ಬ್ಯಾಚ್‌ಗೆ ಡೋಸ್ ಸುಮಾರು ಶೇ. 10ರಷ್ಟು ಕಡಿಮೆ ಬರುತ್ತದೆ. ಎಲೆಕ್ಟ್ರೋಮೀಟರ್ ಸರಿಯಿದೆ ಎಂದು ಲ್ಯಾಬ್‌ನವರು ಹೇಳುತ್ತಾರೆ. ತಪ್ಪು ಎಲ್ಲಿರಬಹುದು?

ಬೆಂಗಳೂರು ಎಂದಿರುವುದರಿಂದ ಮೊದಲ ಅನುಮಾನ ಗಾಳಿಯ ಒತ್ತಡದ ಮೇಲೆ. ಒತ್ತಡವನ್ನು ಮೊಬೈಲ್‌ನ ಹವಾಮಾನ ಆ್ಯಪ್‌ನಿಂದ ತೆಗೆದುಕೊಂಡಿರಾ?

ಡೋಸ್ ಅಳೆಯುವ ಅಯಾನ್ ಚೇಂಬರ್, ಅಂದರೆ ಫಾರ್ಮರ್ ಚೇಂಬರ್‌ನ ಒಳಗಿನ 0.6 ಸಿ.ಸಿ. ಜಾಗ ಹೊರಗಿನ ಗಾಳಿಗೆ ತೆರೆದಿರುತ್ತದೆ. ಗಾಳಿ ತೆಳುವಾದರೆ ಒಳಗಿನ ಅಣುಗಳು ಕಡಿಮೆ, ಹುಟ್ಟುವ ಚಾರ್ಜೂ ಕಡಿಮೆ. ಚೇಂಬರ್‌ನ ಕ್ಯಾಲಿಬ್ರೇಷನ್ ಅಂಶವೋ 20 ಡಿಗ್ರಿ ಸೆಲ್ಸಿಯಸ್, 1013.25 ಹೆಕ್ಟೋಪ್ಯಾಸ್ಕಲ್‌ಗೆ ಕೊಟ್ಟಿರುವಂಥದು. ಆದ್ದರಿಂದ ಓದಿದ ಚಾರ್ಜನ್ನು ಉಷ್ಣತೆ–ಒತ್ತಡದ ತಿದ್ದುಪಡಿ ಅಂಶದಿಂದ ಗುಣಿಸಬೇಕು. ಇದು ಎರಡು ಭಾಗಗಳ ಗುಣಲಬ್ಧ: ನೀರಿನ ಉಷ್ಣತೆಗೆ 273.2 ಕೂಡಿಸಿ 293.2ರಿಂದ ಭಾಗಿಸಿದ್ದು ಒಂದು, 1013.25ನ್ನು ಸ್ಥಳದ ಒತ್ತಡದಿಂದ ಭಾಗಿಸಿದ್ದು ಇನ್ನೊಂದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಿಜವಾದ ಒತ್ತಡ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು. ನೀರು 24 ಡಿಗ್ರಿ ಇದ್ದರೆ ಅಂಶ 1.0136 ಗುಣಿಸು 1.1135, ಅಂದರೆ 1.129. ಹವಾಮಾನ ಆ್ಯಪ್‌ಗಳು ತೋರಿಸುವುದು ಸಮುದ್ರಮಟ್ಟಕ್ಕೆ ತಗ್ಗಿಸಿ ಲೆಕ್ಕ ಹಾಕಿದ ಒತ್ತಡವನ್ನು, ಸುಮಾರು 1013. ಅದನ್ನು ಹಾಕಿದರೆ ಅಂಶ 1.014 ಬರುತ್ತದೆ. ನಿಮ್ಮ ಶೇ. 10 ಹೋದದ್ದು ಇಲ್ಲಿಯೇ.

ಪ್ರಯೋಗದ ಪುಸ್ತಕದಲ್ಲಿ ಇದು ಬರೀ ಅಂಕ ಕಳೆಯುವ ತಪ್ಪು. ಆಸ್ಪತ್ರೆಯಲ್ಲಾದರೆ, ಔಟ್‌ಪುಟ್ ಕಡಿಮೆಯಾಗಿದೆ ಎಂದು ನಂಬಿ ಯಂತ್ರವನ್ನು ಮೇಲಕ್ಕೆ ಹೊಂದಿಸುತ್ತಾರೆ. ಆ ಮೇಲೆ 50 ಗ್ರೇ ಬರೆಸಿಕೊಂಡ ರೋಗಿಗೆ 55ಕ್ಕೂ ಹೆಚ್ಚು ಗ್ರೇ ಬೀಳುತ್ತದೆ. ಒಟ್ಟು ಡೋಸಿನ ತಪ್ಪು ಶೇ. 5ರೊಳಗೆ ಇರಬೇಕು ಎಂಬುದು ಈ ಕ್ಷೇತ್ರದ ಹಳೆಯ ಅಳತೆಗೋಲು. ಮಂಗಳೂರಿನಲ್ಲಿ ಕಲಿತು ಬೆಂಗಳೂರಿಗೋ ಮೈಸೂರಿಗೋ ಬರುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಕಡಲ ತಡಿಯಲ್ಲಿ ಆ್ಯಪ್‌ನ ಸಂಖ್ಯೆಗೂ ನಿಜವಾದ ಒತ್ತಡಕ್ಕೂ ವ್ಯತ್ಯಾಸ ಇಲ್ಲದಷ್ಟು ಕಡಿಮೆ, ಹಾಗಾಗಿ ತಪ್ಪು ಅಭ್ಯಾಸ ಅಲ್ಲಿ ವರ್ಷಗಟ್ಟಲೆ ಬಯಲಾಗದೆ ಉಳಿಯಬಹುದು. ಕೋಣೆಯಲ್ಲೇ ಇಟ್ಟ, ಕ್ಯಾಲಿಬ್ರೇಟ್ ಆದ ಬ್ಯಾರೋಮೀಟರ್ ಹೊರತು ಬೇರೆ ಯಾವುದನ್ನೂ ನಂಬಬೇಡಿ.

ಒತ್ತಡ ಸರಿಯಿದ್ದೂ ವ್ಯತ್ಯಾಸ ಉಳಿದರೆ ಮುಂದಿನವನ್ನು ನೋಡಿ. ಥರ್ಮಾಮೀಟರ್ ನೀರಿನೊಳಗಿರಬೇಕು, ಗೋಡೆಯ ಮೇಲಲ್ಲ. ನಲ್ಲಿಯಿಂದ ಆಗಷ್ಟೇ ತುಂಬಿದ ನೀರು ಎ.ಸಿ. ಕೋಣೆಯ ಉಷ್ಣತೆಗೆ ಬರಲು ಗಂಟೆಗಳೇ ಬೇಕು. ಒಂದು ಡಿಗ್ರಿ ತಪ್ಪಿದರೆ ಶೇ. 0.34 ಹೋಯಿತು. ಚೇಂಬರನ್ನು ನೀರಲ್ಲಿಟ್ಟ ಕೂಡಲೇ ಓದಬೇಡಿ, ಮೊದಲು ಕೆಲವು ನೂರು ಮಾನಿಟರ್ ಯೂನಿಟ್ (ಲಿನಾಕ್ ತಾನು ಕೊಡುವ ಕಿರಣವನ್ನು ಎಣಿಸುವ ಮಾನ) ಕೊಟ್ಟು, ಓದಿಕೆಗಳು ಒಂದೇ ಸಮ ಬರುವವರೆಗೆ ಕಾಯಿರಿ. ಅಂತರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಟಿಆರ್‌ಎಸ್–398 ವಿಧಾನದಲ್ಲಿ 6 ಎಂ.ವಿ. (ಮೆಗಾವೋಲ್ಟ್) ಕಿರಣಕ್ಕೆ ಅಳೆಯುವ ಆಳ 10 ಸೆಂ.ಮೀ., ಫೀಲ್ಡ್ 10×10. ನಿಮ್ಮ ಯಂತ್ರದಲ್ಲಿ ಒಂದು ಮಾನಿಟರ್ ಯೂನಿಟ್‌ಗೆ ಒಂದು ಸೆಂಟಿಗ್ರೇ ಎಂದು ಹೊಂದಿಸಿರುವುದು ಗರಿಷ್ಠ ಡೋಸಿನ ಆಳದಲ್ಲಾದರೆ, 100 ಸೆಂ.ಮೀ. ಎಸ್‌ಎಸ್‌ಡಿಯಲ್ಲಿ (ಕಿರಣದ ಮೂಲದಿಂದ ನೀರಿನ ಮೇಲ್ಮೈಗಿರುವ ದೂರ) 10 ಸೆಂ.ಮೀ. ಆಳಕ್ಕೆ ಅದರ ಸುಮಾರು ಶೇ. 67 ಮಾತ್ರ ಸಿಗುತ್ತದೆ. ಆ ಶೇಕಡಾವಾರಿನಿಂದ ಭಾಗಿಸುವುದನ್ನು ಮರೆತರೆ ತಪ್ಪು ಶೇ. 10 ಆಗುವುದಿಲ್ಲ, ಮೂರನೇ ಒಂದು ಭಾಗವೇ ಹೋಗುತ್ತದೆ, ಹಾಗಾಗಿ ನಿಮ್ಮದು ಅದಲ್ಲ. ಪೋಲಾರಿಟಿ, ಅಯಾನ್ ಮರುಸಂಯೋಗದ ತಿದ್ದುಪಡಿಗಳು ಸಾಮಾನ್ಯ ಲಿನಾಕ್ ಕಿರಣದಲ್ಲಿ ಶೇ. 1ರ ಆಸುಪಾಸಿನವು, ಶೇ. 10ನ್ನು ಅವುಗಳ ತಲೆಗೆ ಕಟ್ಟಲಾಗದು.

ಪ್ರಶ್ನೆ: ಎರಡು ತಿಂಗಳಿಂದ ಇಂಟರ್ನ್. ಬೆಳಗ್ಗೆಯಿಂದ ಸಂಜೆವರೆಗೆ ಪ್ಲಾನಿಂಗ್ ಕಂಪ್ಯೂಟರ್ ಮುಂದೆಯೇ ಕೂರಿಸುತ್ತಾರೆ. ಈ 12 ತಿಂಗಳಲ್ಲಿ ಏನೇನು ಕಲಿತಿರಬೇಕು? ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಪರೀಕ್ಷೆ ಯಾವಾಗ?
(ಮಂಗಳೂರು)

ಪ್ಲಾನಿಂಗ್ ಮಾತ್ರ ಕಲಿತು ಹೊರಬಂದ ಇಂಟರ್ನ್‌ಗೆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಷ್ಟ ಕಾದಿದೆ. ಅಲ್ಲಿ ಹಲವೊಮ್ಮೆ ಇರುವುದು ಒಬ್ಬರೇ ಫಿಸಿಸಿಸ್ಟ್, ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ವಾರಕ್ಕೆ ಎರಡು ಬೆಳಗನ್ನಾದರೂ ಯಂತ್ರದ ಬಳಿ ಕೊಡಿ ಎಂದು ಮುಖ್ಯ ಫಿಸಿಸಿಸ್ಟ್ ಅವರನ್ನು ಕೇಳಿಕೊಳ್ಳಿ.

ದಿನದ ಕ್ಯೂಎ, ಅಂದರೆ ಯಂತ್ರದ ಗುಣಮಟ್ಟ ಪರೀಕ್ಷೆ, ನಿಮ್ಮ ಕೈಯಲ್ಲಿ ಆಗಬೇಕು: ಔಟ್‌ಪುಟ್ ಶೇ. 3ರೊಳಗೆ, ದೂರ ತೋರಿಸುವ ಬೆಳಕು 2 ಮಿ.ಮೀ. ಒಳಗೆ, ಬಾಗಿಲಿನ ಇಂಟರ್‌ಲಾಕ್, ಲೇಸರ್‌ಗಳು. ತಿಂಗಳ ಪರೀಕ್ಷೆಯಲ್ಲಿ ಔಟ್‌ಪುಟ್ ಮಿತಿ ಶೇ. 2ಕ್ಕೆ, ವಾರ್ಷಿಕದಲ್ಲಿ ಶೇ. 1ಕ್ಕೆ ಬಿಗಿಯಾಗುತ್ತದೆ. ಟಿಆರ್‌ಎಸ್–398 ಕ್ಯಾಲಿಬ್ರೇಷನ್ನನ್ನು ಯಾರ ನೆರವೂ ಇಲ್ಲದೆ, ಹಾಳೆ–ಪೆನ್ನಿನಲ್ಲಿ, ಸಿದ್ಧ ಎಕ್ಸೆಲ್ ಮುಟ್ಟದೆ ಪೂರ್ತಿ ಮಾಡಲು ಬರಬೇಕು. ಸಿದ್ಧ ಎಕ್ಸೆಲ್‌ನಲ್ಲಿ ಹಳೆಯ ಚೇಂಬರ್‌ನ ಅಂಶ ಹಾಗೆಯೇ ಉಳಿದಿರುವುದು ಅಪರೂಪವಲ್ಲ.

ಐಎಂಆರ್‌ಟಿ (ಕಿರಣದ ತೀವ್ರತೆಯನ್ನು ಬದಲಿಸುತ್ತ ಕೊಡುವ ಚಿಕಿತ್ಸೆ) ಪ್ಲಾನ್‌ನ ಗಾಮಾ ಪರೀಕ್ಷೆಯನ್ನು, ಅಂದರೆ ಅಳೆದ ಡೋಸನ್ನು ಲೆಕ್ಕದ ಡೋಸಿನೊಂದಿಗೆ ಹೋಲಿಸುವುದನ್ನು, ಹಸಿರು–ಕೆಂಪು ಬಣ್ಣ ನೋಡಿ ಮುಗಿಸಬೇಡಿ. ಈಗ ಹೆಚ್ಚಿನವರು ಪಾಲಿಸುವುದು ಶೇ. 3, 2 ಮಿ.ಮೀ. ಮಾನದಂಡ, ಶೇ. 95 ಬಿಂದುಗಳು ಪಾಸಾಗಬೇಕು, ಶೇ. 90ಕ್ಕಿಂತ ಕೆಳಗಾದರೆ ಚಿಕಿತ್ಸೆಗೆ ಮುನ್ನ ಕಾರಣ ಹುಡುಕಬೇಕು. ಅಳತೆಯನ್ನೂ ಲೆಕ್ಕವನ್ನೂ ಒಂದೇ ಬಿಂದುವಿಗೆ ನಾರ್ಮಲೈಸ್ ಮಾಡಿಬಿಟ್ಟರೆ ಶೇ. 5ರ ಡೋಸ್ ತಪ್ಪೂ ಮರೆಯಾಗಿ 99 ಬಂದುಬಿಡುತ್ತದೆ. ಹಾಗೆ ಬಂದ 99ನ್ನು ಕಂಡು ಸಂತೋಷಪಡುವ ವಿಭಾಗಗಳೂ ಇವೆ.

ಬ್ರಾಕಿಥೆರಪಿಯಲ್ಲಿ ಇರಿಡಿಯಂ–192 ಮೂಲ ಬದಲಾಯಿಸುವ ದಿನ ತಪ್ಪಿಸಿಕೊಳ್ಳಬೇಡಿ. ಅರ್ಧಾಯುಷ್ಯ 73.8 ದಿನ, ದಿನಕ್ಕೆ ಸುಮಾರು ಶೇ. 1 ಇಳಿಕೆ. ಬಂದ ಮೂಲದ ಬಲವನ್ನು ವೆಲ್ ಚೇಂಬರ್‌ನಲ್ಲಿ ಅಳೆದು ತಯಾರಕರ ಪ್ರಮಾಣಪತ್ರದೊಂದಿಗೆ ಹೋಲಿಸುವಾಗ ದಿನಾಂಕವಷ್ಟೇ ಅಲ್ಲ, ಯಾವ ದೇಶದ ಗಂಟೆ ಎಂಬುದನ್ನೂ ನೋಡಿ. ತುರ್ತು ಅಭ್ಯಾಸವನ್ನು ಮೈಗೂಡಿಸಿಕೊಳ್ಳಿ. 10 ಕ್ಯೂರಿಯ ಮೂಲ ಯಂತ್ರಕ್ಕೆ ಹಿಂತಿರುಗದೆ ಸಿಕ್ಕಿಹಾಕಿಕೊಂಡರೆ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 40 ಮಿಲಿಗ್ರೇ. ನಿಮಗದು ನಿಮಿಷದ ಲೆಕ್ಕ, ಮೂಲ ಮೈಯೊಳಗೇ ಇರುವ ರೋಗಿಗೆ ಸೆಕೆಂಡಿನ ಲೆಕ್ಕ. ಉದ್ದನೆಯ ಚಿಮಟ, ಸೀಸದ ಡಬ್ಬಿ, ಸರ್ವೆ ಮೀಟರ್, ಟಾರ್ಚ್ ಎಲ್ಲಿವೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತಿರಲಿ.

ಮಾಡಿದ್ದನ್ನೆಲ್ಲ ಅಂದಂದೇ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹನ್ನೊಂದನೇ ತಿಂಗಳಲ್ಲಿ ಒಟ್ಟಿಗೆ ಬರೆದ ಪುಸ್ತಕ ಸಂದರ್ಶಕರ ಕಣ್ಣಿಗೆ ಕೂಡಲೇ ಬೀಳುತ್ತದೆ. ಇಂಟರ್ನ್‌ಶಿಪ್ ಮುಗಿದ ಮೇಲೆ ರೇಡಿಯೊಥೆರಪಿಯ ಮೂರನೇ ಹಂತದ ಆರ್‌ಎಸ್‌ಒ ಪ್ರಮಾಣಪತ್ರಕ್ಕೆ ಬಾರ್ಕ್‌ನ ಪರೀಕ್ಷೆ ಬರೆಯಬಹುದು. ಪಾಸಾದ ಕೂಡಲೇ ಆರ್‌ಎಸ್‌ಒ ಆಗಿಬಿಡುವುದಿಲ್ಲ. ನೇಮಿಸಿಕೊಂಡ ಆಸ್ಪತ್ರೆ ಎಇಆರ್‌ಬಿಯ ಆನ್‌ಲೈನ್ ವ್ಯವಸ್ಥೆಯಾದ ಇ–ಲೋರಾ ಮೂಲಕ ನಿಮ್ಮ ಹೆಸರು ಸೂಚಿಸಬೇಕು, ಎಇಆರ್‌ಬಿ ಒಪ್ಪಬೇಕು. ಆ ಒಪ್ಪಿಗೆ ಆ ಸಂಸ್ಥೆಗೆ ಸಂಬಂಧಿಸಿದ್ದು. ಕೆಲಸ ಬಿಟ್ಟು ಬೇರೆಡೆ ಹೋದರೆ ಅಲ್ಲಿ ಮತ್ತೆ ಹೊಸದಾಗಿ ಆಗಬೇಕು.

ಪ್ರಶ್ನೆ: ವಿಕಿರಣದ ನಡುವೆ ಕೆಲಸ ಮಾಡುವುದು ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ ಎಂದು ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ.
(ಚಿತ್ರದುರ್ಗ)

ಕಿರಣ ಹೊರಡುವಾಗ ಫಿಸಿಸಿಸ್ಟ್ ಕೋಣೆಯೊಳಗೆ ಇರುವುದಿಲ್ಲ, ಒಂದೂವರೆ–ಎರಡು ಮೀಟರ್ ಕಾಂಕ್ರೀಟಿನ ಆಚೆ ಇರುತ್ತಾರೆ. ಕೆಲಸಗಾರರಿಗೆ ಎಇಆರ್‌ಬಿ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಪರಿಣಾಮದ ಮಾನ), ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ತಗುಲಿದ ಡೋಸನ್ನು ದಾಖಲಿಸುವ, ಎದೆಗೆ ಹಾಕುವ ಟಿಎಲ್‌ಡಿ ಬ್ಯಾಡ್ಜನ್ನು ಕಾಲಕಾಲಕ್ಕೆ ಕಳಿಸಿ ಓದಿಸುತ್ತಾರೆ, ಲೆಕ್ಕ ನಿಮ್ಮ ಹೆಸರಲ್ಲೇ ಜಮೆಯಾಗುತ್ತದೆ. ಕ್ರಮವಾಗಿ ನಡೆಯುವ ಲಿನಾಕ್ ವಿಭಾಗದಲ್ಲಿ ಓದಿಕೆ ಈ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ ಮಿತಿ 1 ಮಿಲಿಸೀವರ್ಟ್. ಆ ತಿಂಗಳುಗಳಲ್ಲಿ ಬ್ರಾಕಿಥೆರಪಿ, ಟೆಲಿಕೋಬಾಲ್ಟ್‌ನಿಂದ (ಕೋಬಾಲ್ಟ್ ಮೂಲದ ಚಿಕಿತ್ಸಾ ಯಂತ್ರ) ದೂರವಿದ್ದು ಪ್ಲಾನಿಂಗ್ ಕೆಲಸ ಮಾಡುವುದು ಎಲ್ಲೆಡೆ ರೂಢಿ. ಬ್ಯಾಡ್ಜಿನಲ್ಲಿ ದೊಡ್ಡ ಸಂಖ್ಯೆ ಬಂತೆಂದರೆ ಎಷ್ಟೋ ಸಲ ಕಾರಣ ಕೋಟನ್ನು ಚಿಕಿತ್ಸಾ ಕೋಣೆಯೊಳಗೆ ನೇತುಹಾಕಿ ಬಂದದ್ದು. ಆದರೂ ವಿಚಾರಣೆ, ವಿವರಣೆ ತಪ್ಪುವುದಿಲ್ಲ.

ಪ್ರಶ್ನೆ: ಇಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋಗಿ ಫಿಸಿಸಿಸ್ಟ್ ಆಗಬೇಕೆಂದಿದ್ದೇನೆ. ಡಲ್ಲಾಸ್‌ನಲ್ಲಿರುವ ಅಕ್ಕ–ಭಾವ ಬಾ ಎನ್ನುತ್ತಿದ್ದಾರೆ.
(ಮೈಸೂರು)

ಇಲ್ಲಿಯ ಎಂ.ಎಸ್ಸಿ. ಅಲ್ಲಿ ನೇರವಾಗಿ ನಡೆಯದು. ಅಲ್ಲಿ ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿಯ ಪ್ರಮಾಣಪತ್ರವೇ ಮುಖ್ಯ, ಅದಕ್ಕೆ ಮೂರು ಪರೀಕ್ಷೆಗಳು. ಮೊದಲನೆಯದಕ್ಕೆ ಕ್ಯಾಂಪೆಪ್ (ಮೆಡಿಕಲ್ ಫಿಸಿಕ್ಸ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ಕೋರ್ಸ್‌ನಲ್ಲಿ ಓದುತ್ತಿರಬೇಕು ಅಥವಾ ಓದಿರಬೇಕು. ಎರಡನೆಯದಕ್ಕೆ 2014ರಿಂದ ಕ್ಯಾಂಪೆಪ್ ಮಾನ್ಯತೆಯ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿನ ತರಬೇತಿ, ಬೇಕು, ಸಾಮಾನ್ಯವಾಗಿ ಎರಡು ವರ್ಷ. ಮೂರನೆಯದು ಮೌಖಿಕ. ಕುತ್ತಿಗೆ ಹಿಡಿಯುವುದು ರೆಸಿಡೆನ್ಸಿ ಹಂತ: ಸೀಟು ಕಡಿಮೆ, ಅರ್ಜಿ ಹೆಚ್ಚು. 2015ರಿಂದ ಮ್ಯಾಚ್ ಪದ್ಧತಿಯಲ್ಲಿ ಹಂಚುತ್ತಾರೆ. ನೀವೂ ಕೇಂದ್ರಗಳೂ ತಂತಮ್ಮ ಆದ್ಯತೆಯ ಪಟ್ಟಿ ಕೊಡಬೇಕು, ಹೊಂದಿದ ಕಡೆ ಹೋಗಬೇಕು.

ಹಾಗಾಗಿ ಲೆಕ್ಕ ಹೀಗೆ ಹಾಕಿ. ಅಮೆರಿಕವೇ ಗುರಿಯಾದರೆ ಇಲ್ಲಿ ಎಂ.ಎಸ್ಸಿ. ಮಾಡಿ ಅಲ್ಲಿ ಮತ್ತೆ ಎಂ.ಎಸ್. ಮಾಡುವ ಬದಲು, ಬಿ.ಎಸ್ಸಿ. ಅಥವಾ ಎಂ.ಎಸ್ಸಿ. ಭೌತಶಾಸ್ತ್ರದ ಮೇಲೆ ನೇರ ಅಲ್ಲಿಯ ಪಿಎಚ್.ಡಿ.ಗೆ ಅರ್ಜಿ ಹಾಕುವುದು ಮೇಲು. ಎಂ.ಎಸ್.ಗೆ ಸಾಮಾನ್ಯವಾಗಿ ಕೈಯಿಂದ ಖರ್ಚು, ಪಿಎಚ್.ಡಿ.ಗೆ ಅಸಿಸ್ಟೆಂಟ್‌ಶಿಪ್ ಸಿಗುವ ಸಾಧ್ಯತೆ ಹೆಚ್ಚು, ರೆಸಿಡೆನ್ಸಿಯಲ್ಲೂ ಅದಕ್ಕೆ ತೂಕ. ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರ, ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಹಳೆಯ, ದೊಡ್ಡ ಹೆಸರುಗಳು. ಭೌತಶಾಸ್ತ್ರದಲ್ಲೇ ಪಿಎಚ್.ಡಿ. ಆದವರಿಗೆ ಆರು ಪೇಪರ್‌ಗಳ ಕ್ಯಾಂಪೆಪ್ ಸರ್ಟಿಫಿಕೇಟ್ ಕೋರ್ಸ್ ಎಂಬ ಹತ್ತಿರದ ದಾರಿ ಇದೆ. ಯಾವುದೇ ಕೋರ್ಸ್‌ನವರನ್ನು ಕೇಳಬೇಕಾದ್ದು: ನಿಮ್ಮ ಪದವೀಧರರಲ್ಲಿ ಎಷ್ಟು ಮಂದಿಗೆ ರೆಸಿಡೆನ್ಸಿ ಸಿಕ್ಕಿತು? ವೀಸಾ ಬೇಕಾದವರಿಗೆ? ಈ ಎರಡನೇ ಪ್ರಶ್ನೆಗೆ ಉತ್ತರ ಸಿಗದೆ ಸಾಲ ತೆಗೆಯಬೇಡಿ. ಅಕ್ಕನ ಮನೆ ಡಲ್ಲಾಸ್‌ನಲ್ಲಿದ್ದರೂ ರೆಸಿಡೆನ್ಸಿ ಎಲ್ಲಿ ಸಿಗುತ್ತದೋ ಅಲ್ಲಿಗೇ ಹೋಗಬೇಕು.

ಪ್ರಶ್ನೆ: ಸಾಫ್ಟ್‌ವೇರ್ ಎಲ್ಲವನ್ನೂ ತಾನೇ ಲೆಕ್ಕ ಹಾಕುವಾಗ ಕೈಲೆಕ್ಕ ಏಕೆ ಕಲಿಸುತ್ತಾರೆ?
(ಕಲಬುರಗಿ)

ಪನಾಮದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 2000–2001ರಲ್ಲಿ ನಡೆದದ್ದನ್ನು ಓದಿ. ಯಂತ್ರದ ಕ್ಯಾಲಿಬ್ರೇಷನ್ ಸರಿಯಿತ್ತು. ಅಂಗಗಳನ್ನು ಮರೆಮಾಡುವ ಬ್ಲಾಕ್‌ಗಳ ವಿವರವನ್ನು ಕಂಪ್ಯೂಟರ್‌ಗೆ ಕೊಡುವ ಕ್ರಮ ಬದಲಾಯಿತು, ಹಲವು ಬ್ಲಾಕ್‌ಗಳನ್ನು ಒಂದೇ ಎಂಬಂತೆ ನಮೂದಿಸಿದರು. ಸಾಫ್ಟ್‌ವೇರ್ ಅದನ್ನು ಒಪ್ಪಿಕೊಂಡು ಚಿಕಿತ್ಸೆಯ ಸಮಯವನ್ನು ಇರಬೇಕಾದ್ದಕ್ಕಿಂತ ದುಪ್ಪಟ್ಟಿನಷ್ಟು ಕೊಟ್ಟಿತು. 28 ರೋಗಿಗಳಿಗೆ ಅತಿಯಾದ ಡೋಸ್ ಬಿತ್ತು. ಪರದೆಯ ಮೇಲಿನ ಚಿತ್ರ ಸರಿಯಾಗಿಯೇ ಕಾಣುತ್ತಿತ್ತು. ಆಳ, ಫೀಲ್ಡ್ ಅಳತೆ, ಶೇಕಡಾ ಡೋಸ್ ಪಟ್ಟಿ ಹಿಡಿದು ಹತ್ತು ನಿಮಿಷ ಕೈಲೆಕ್ಕ ಮಾಡಿದ್ದರೆ ದುಪ್ಪಟ್ಟು ಸಮಯ ಕಣ್ಣಿಗೆ ಹೊಡೆಯುತ್ತಿತ್ತು.

ಪ್ರಶ್ನೆ: ಗೋಡೆಯ ದಪ್ಪದ ಲೆಕ್ಕ ಪರೀಕ್ಷೆಗೆ ಬರುತ್ತದಂತೆ. ಒಂದು ಉದಾಹರಣೆ ಕೊಡುವಿರಾ?
(ಬೆಳಗಾವಿ)

6 ಎಂ.ವಿ. ಲಿನಾಕ್. ವಾರದ ವರ್ಕ್‌ಲೋಡ್ (ವಾರದಲ್ಲಿ ಯಂತ್ರ ಕೊಡುವ ಒಟ್ಟು ಡೋಸ್) ಒಂದು ಮೀಟರ್‌ನಲ್ಲಿ 500 ಗ್ರೇ. ಕಿರಣ ಆ ಗೋಡೆಯತ್ತ ತಿರುಗುವ ಪಾಲು ಕಾಲು ಭಾಗ. ಗೋಡೆಯಾಚೆ ಸಾರ್ವಜನಿಕರು ಸದಾ ಇರುವ ಕಚೇರಿ. ಕಿರಣ ಹುಟ್ಟುವ ಟಾರ್ಗೆಟ್‌ನಿಂದ ಅಲ್ಲಿಗೆ 5 ಮೀಟರ್. ಗೋಡೆಯೇ ಇಲ್ಲದಿದ್ದರೆ ವಾರಕ್ಕೆ 500ರ ಕಾಲು ಭಾಗವನ್ನು 25ರಿಂದ (ದೂರದ ವರ್ಗ) ಭಾಗಿಸಿ 5 ಗ್ರೇ, ಅಂದರೆ 5000 ಮಿಲಿಸೀವರ್ಟ್. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್, 50 ವಾರಕ್ಕೆ ಹಂಚಿದರೆ 0.02. ಆದ್ದರಿಂದ ಎರಡೂವರೆ ಲಕ್ಷ ಪಟ್ಟು ಇಳಿಸಬೇಕು, ಲಾಗರಿದಮ್ 5.4, ಅಷ್ಟು ಟೆಂತ್ ವ್ಯಾಲ್ಯೂ ಲೇಯರ್ (ವಿಕಿರಣವನ್ನು ಹತ್ತನೇ ಒಂದಕ್ಕೆ ಇಳಿಸುವ ಪದರ). 6 ಎಂ.ವಿ.ಗೆ ಕಾಂಕ್ರೀಟಿನಲ್ಲಿ ಮೊದಲ ಪದರ 37 ಸೆಂ.ಮೀ., ಆಮೇಲಿನವು 33. 37ಕ್ಕೆ 4.4×33 ಕೂಡಿಸಿದರೆ ಸುಮಾರು 182 ಸೆಂ.ಮೀ.

ಎಲ್ಲ ಪದರಕ್ಕೂ 33 ಹಾಕುವುದು, ಗ್ರೇಯನ್ನು ಮಿಲಿಸೀವರ್ಟ್‌ಗೆ ಬದಲಿಸಲು ಮರೆಯುವುದು, ದೂರವನ್ನು ಟಾರ್ಗೆಟ್ ಬಿಟ್ಟು ಐಸೋಸೆಂಟರ್‌ನಿಂದ (ಯಂತ್ರ ಸುತ್ತುವ ಕೇಂದ್ರಬಿಂದು) ಅಳೆಯುವುದು, ಇವು ಪರೀಕ್ಷೆಯ ತಪ್ಪುಗಳು. ಕಟ್ಟಡದಲ್ಲಿ ನಡೆಯುವ ತಪ್ಪು ಬೇರೆ. ಈ ಲೆಕ್ಕ ಘನ ಸೆಂ.ಮೀ.ಗೆ 2.35 ಗ್ರಾಂ ಸಾಂದ್ರತೆಯ ಕಾಂಕ್ರೀಟಿಗೆ. ಗುತ್ತಿಗೆದಾರರು ಹಾಕಿದ್ದು 2.2 ಆದರೆ ಅದೇ ಗೋಡೆ 194 ಸೆಂ.ಮೀ. ಇರಬೇಕಿತ್ತು. ಕ್ಯೂಬ್ ಪರೀಕ್ಷೆ ಬಲವನ್ನಷ್ಟೇ ಹೇಳುತ್ತದೆ, ಹಾಗಾಗಿ ಅದೇ ಕ್ಯೂಬನ್ನು ತೂಗಿಸಿ ಸಾಂದ್ರತೆಯನ್ನೂ ಬರೆಸಿಕೊಳ್ಳಬೇಕು. ಇನ್ನು ಐಎಂಆರ್‌ಟಿ ಹೆಚ್ಚು ಮಾಡುವ ವಿಭಾಗದಲ್ಲಿ ಅದೇ ಡೋಸಿಗೆ ಮಾನಿಟರ್ ಯೂನಿಟ್ ಹಲವು ಪಟ್ಟು ಏರುತ್ತವೆ. ಪ್ರಾಥಮಿಕ ಗೋಡೆಗೆ ಅದರಿಂದ ವ್ಯತ್ಯಾಸವಿಲ್ಲ, ತಲೆಯಿಂದ ಸೋರುವ ವಿಕಿರಣಕ್ಕೆ ಇದೆ, ಆದ್ದರಿಂದ ಸೆಕೆಂಡರಿ ಗೋಡೆಯ ಲೆಕ್ಕದಲ್ಲಿ ಸೋರಿಕೆಯ ವರ್ಕ್‌ಲೋಡನ್ನು ಆ ಪಟ್ಟಿನಿಂದ ಗುಣಿಸಿ. ನಕ್ಷೆಗೆ ಎಇಆರ್‌ಬಿ ಒಪ್ಪಿಗೆ ಬರುವ ಮುನ್ನ ಪಾಯ ಅಗೆಯಲು ಬಿಡಬೇಡಿ; 10 ಎಂ.ವಿ. ಮೀರಿದ ಯಂತ್ರವಾದರೆ ನ್ಯೂಟ್ರಾನ್ ಲೆಕ್ಕವೂ ಬಾಗಿಲಿನ ವಿನ್ಯಾಸವೂ ಅದೇ ಕಡತದಲ್ಲಿ ಇರಲಿ.